ಸಹಾಯ ಬೇಕು: ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಳದ ಪ್ಯಾನ್ ಮತ್ತು ಆಯಿಲ್ ಎಳೆಯುವ ಫಿಲ್ಟರ್

ಬಳಗದ ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ. ಜೆಡ್‌ಎಫ್ ಕಂಪನಿಯ 8ಎಚ್‌ಪಿ ಎಂಬ ಎಂಟು ಗೇರ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ನನ್ನ ರಿಯರ್ ವೀಲ್ ಡ್ರೈವ್ ಕಾರಿಗೆ, ಫಿಲ್ಟರ್ ಒಳಗೇ ಸೇರಿಕೊಂಡಿರುವ ಮೂಲ ಪ್ಲಾಸ್ಟಿಕ್ ಪ್ಯಾನಿನ (ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆಯ) ಬದಲು, ಹೆಚ್ಚು ಆಯಿಲ್ ಹಿಡಿಯುವ ಅಲ್ಯೂಮಿನಿಯಂ ಪ್ಯಾನನ್ನೂ ಪ್ರತ್ಯೇಕ ಫಿಲ್ಟರನ್ನೂ ಹಾಕಿಸಿದ್ದೇನೆ. ಅಂದಿನಿಂದ ಸಂಪಾಜೆ ಘಾಟಿ ಹತ್ತುವಾಗ, ಕಡಿದಾದ ತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಕ್ಷಣಕಾಲ ಎಂಜಿನ್ ಆರ್‌ಪಿಎಂ ಮಾತ್ರ ಏರಿ, ಬಳಿಕ ಗೇರ್ ಜರ್ಕ್ ಹೊಡೆದು ಹಿಡಿಯುತ್ತದೆ. ಕುಶಾಲನಗರದ ಕಡೆಯ ಸಮತಟ್ಟಾದ ರಸ್ತೆಯಲ್ಲಿ ಹೀಗಾಗುವುದಿಲ್ಲ.

ಏರು ಮತ್ತು ವೇಗವರ್ಧನೆ ಎರಡೂ ಆಯಿಲನ್ನು ಪ್ಯಾನಿನ ಹಿಂಭಾಗಕ್ಕೆ ತಳ್ಳುತ್ತವೆ, ತಿರುವು ಅದನ್ನು ಪಕ್ಕಕ್ಕೆ ಸರಿಸುತ್ತದೆ; ಆಗ ಫಿಲ್ಟರಿನ ಬಾಯಿ ಬರಿದಾಗಿ ಅದರ ಮೂಲಕ ಆಯಿಲ್ ಎಳೆಯುವ ಪಂಪ್ ಗಾಳಿ ಎಳೆದುಕೊಂಡು, ಆಯಿಲ್ ಒತ್ತಡ ಕುಸಿದು, ಆ ಒತ್ತಡದಿಂದಲೇ ಗೇರ್ ಹಿಡಿದಿಡುವ ಒಳಗಿನ ಕ್ಲಚ್‌ಗಳು ಜಾರುತ್ತಿವೆ ಎಂಬುದು ನನ್ನ ಅನುಮಾನ. ಕ್ಲಚ್ ಸುಟ್ಟರೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕಾದೀತು ಎಂಬ ಚಿಂತೆಯಿಂದ ಸದ್ಯ ಘಾಟಿಗೆ ಕಾರು ಇಳಿಸುತ್ತಿಲ್ಲ.

ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಆಯಿಲ್ 30ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಾಗ ಮಟ್ಟ ನೋಡಲಾಗಿದೆ, ಸರಿಯಾಗಿದೆ. ಫಿಲ್ಟರ್ ಕೊಳವೆಗೆ ಹೊಸ ಓ-ರಿಂಗ್ (ಗಾಳಿ ನುಸುಳದಂತೆ ತಡೆಯುವ ರಬ್ಬರ್ ಉಂಗುರ) ಹಾಕಿಸಿದರೂ ಬದಲಾವಣೆಯಿಲ್ಲ. ಇನ್ನಷ್ಟು ಆಯಿಲ್ ತುಂಬಿಸಿದರೆ, ತಿರುಗುವ ಭಾಗಗಳು ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತವೆ. ಆದ್ದರಿಂದ ಅದು ದಾರಿಯಲ್ಲ.

ನನ್ನ ಗೊಂದಲ ಇಷ್ಟೇ. ಪ್ಯಾನ್ ಆಳವಾದರೂ ಫಿಲ್ಟರಿನ ಬಾಯಿ ಹಳೆಯ ಎತ್ತರದಲ್ಲೇ ಉಳಿದರೆ, ಅದರ ಕೆಳಗಿನ ಆಯಿಲ್ ಪಂಪಿಗೆ ದಕ್ಕುವುದೇ ಇಲ್ಲ. ತೀರಾ ತಳಕ್ಕೆ ಇಳಿಸಿದರೆ ಹರಿವಿಗೇ ತಡೆಯಾಗುತ್ತದೆ. ಹಾಗಾದರೆ ಮೊದಲು ಮಾಡಿಸಬೇಕಾದುದು ಫಿಲ್ಟರನ್ನು ಕೆಳಗಿಳಿಸುವ ಸ್ಪೇಸರೋ, ಅದರ ಸುತ್ತ ಆಯಿಲನ್ನು ತಡೆದಿಡುವ ಬ್ಯಾಫಲ್ ತಗಡೋ? ತಳಕ್ಕೂ ಫಿಲ್ಟರಿನ ಬಾಯಿಗೂ ಎಷ್ಟು ಮಿಲಿಮೀಟರ್ ಅಂತರ ಬಿಡಬೇಕು? ಇದೇ ಗೇರ್‌ಬಾಕ್ಸಿನಲ್ಲಿ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.