ಒಂದೇ ಪಂದ್ಯದಲ್ಲಿ 14 ಗೋಲು: ಫ್ರಾಂಕ್ ಮೆಕ್‌ಗೀ ನಿಜಕ್ಕೂ ಅಷ್ಟು ದೊಡ್ಡ ಆಟಗಾರರೇ?

ಪ್ರಶ್ನೆ:
ಐಸ್ ಹಾಕಿಯ ಆರಂಭದ ದಿನಗಳ ಬಗ್ಗೆ ಓದುತ್ತಿದ್ದಾಗ, ಕೆನಡಾದ ಒಟ್ಟಾವಾ ತಂಡದ ಫ್ರಾಂಕ್ ಮೆಕ್‌ಗೀ ಅವರು 1905ರ ಜನವರಿ 16ರಂದು, ಐಸ್ ಹಾಕಿಯ ಅಗ್ರ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪಿನ ಒಂದೇ ಪಂದ್ಯದಲ್ಲಿ 14 ಗೋಲು ಹೊಡೆದರೆಂದೂ, ಅವರಿಗೆ ಎಡಗಣ್ಣು ಕಾಣುತ್ತಿರಲಿಲ್ಲವೆಂದೂ ತಿಳಿಯಿತು. ಎದುರಾಳಿಗಳು ದುರ್ಬಲರಾಗಿದ್ದರಿಂದ ಇದು ಸಾಧ್ಯವಾಯಿತೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನಿಮ್ಮ ಸಂದೇಹ ಸಹಜವೇ. ಎದುರಾಳಿಗಳಾಗಿದ್ದ ಡಾಸನ್ ಸಿಟಿಯ ಆಟಗಾರರು ಕೆನಡಾದ ವಾಯವ್ಯ ತುದಿಯ ಯೂಕಾನಿನ ಹಿಮದಲ್ಲಿ ನಡೆದು, ಹಡಗು ಹತ್ತಿ, ರೈಲಿನಲ್ಲಿ ಖಂಡವನ್ನೇ ದಾಟಿ, ಸುಮಾರು 6,400 ಕಿಲೋಮೀಟರ್ ಸವೆಸಿ, ಮೊದಲ ಪಂದ್ಯದ ಹಿಂದಿನ ದಿನವಷ್ಟೇ ಒಟ್ಟಾವಾ ತಲುಪಿದ್ದರು. ಆ ಪಂದ್ಯವನ್ನು ಅವರು 9-2ರಿಂದ ಸೋತಾಗ ಮೆಕ್‌ಗೀ ಹೊಡೆದದ್ದು ಒಂದೇ ಗೋಲು. ನೀವು ಹೇಳುವ ಪಂದ್ಯ ಎರಡನೆಯದು; ಅದನ್ನು ಒಟ್ಟಾವಾ 23-2ರಿಂದ ಗೆದ್ದಿತು. ಆ 14ರ ಪೈಕಿ ಎಂಟು ಗೋಲುಗಳು ಒಂಬತ್ತು ನಿಮಿಷದೊಳಗೆ ಒಂದರ ಬೆನ್ನಿಗೆ ಒಂದರಂತೆ ಬಂದವು. ಸ್ಟಾನ್ಲಿ ಕಪ್ಪಿನಲ್ಲಿ ಒಂದೇ ಪಂದ್ಯದ 14 ಗೋಲುಗಳ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ.

ಉತ್ತರ 2:
ಅವರನ್ನು ಅಳೆಯಬೇಕಾದದ್ದು ಆ 14 ಗೋಲುಗಳಿಂದಲ್ಲ, ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಕಪ್ಪಿಗಾಗಿ ನಡೆದ ಸರಣಿಯಿಂದ ಎಂದು ನನ್ನ ದೃಢವಾದ ಅಭಿಪ್ರಾಯ. ಇಂದು ಕೆನೋರಾ ಎನ್ನಿಸಿಕೊಂಡಿರುವ ರ‍್ಯಾಟ್ ಪೋರ್ಟೇಜ್ ಊರಿನ ತಂಡವು ಬಹಳ ಚುರುಕಿನದು. ಮೆಕ್‌ಗೀ ಆಡದ ಮೊದಲ ಪಂದ್ಯದಲ್ಲಿ ಒಟ್ಟಾವಾ 9-3ರಿಂದ ಸೋತಿತು. ಮಣಿಕಟ್ಟಿನ ಮೂಳೆ ಮುರಿದಿದ್ದರೂ ಅವರು ಮರಳಿ ಬಂದರು. ಎದುರಾಳಿಗಳ ಕೋಲು ಸರಿಯಿದ್ದ ಕೈಯ ಮೇಲೆಯೇ ಬೀಳಲೆಂದು ಆ ಕೈಗೆ ದಪ್ಪನೆಯ ಪಟ್ಟಿಯನ್ನೂ ಮುರಿದ ಕೈಗೆ ತೆಳುವಾದದ್ದನ್ನೂ ಸುತ್ತಿಕೊಂಡಿದ್ದರೆಂದು ಹೇಳುತ್ತಾರೆ. ಎರಡನೆಯ ಪಂದ್ಯವನ್ನು ಒಟ್ಟಾವಾ ಗೆದ್ದಿತು; 5-4ಕ್ಕೆ ಮುಗಿದ ಮೂರನೆಯದರಲ್ಲಿ ಗೆಲುವಿನ ಗೋಲು ಮೆಕ್‌ಗೀ ಅವರದೇ.

ಉತ್ತರ 3:
ಕಣ್ಣಿನ ವಿಷಯ ಹೇಳುತ್ತೇನೆ. 1900ರ ಮಾರ್ಚ್‌ನಲ್ಲಿ ಹಾಕ್ಸ್‌ಬರಿಯಲ್ಲಿ ನಡೆದ ಪಂದ್ಯವೊಂದರಲ್ಲಿ ಎಡಗಣ್ಣಿಗೆ ಬಿದ್ದ ಪೆಟ್ಟು ದೃಷ್ಟಿಯನ್ನು ಕಸಿದುಕೊಂಡಿತು. ಇನ್ನೊಂದು ಕಣ್ಣಿಗೂ ಏಟು ಬಿದ್ದರೆ ಬದುಕೇ ಕತ್ತಲಾಗುವ ಅಪಾಯವಿದ್ದರೂ ಅವರು 1903ರಲ್ಲಿ ಮತ್ತೆ ಅಂಗಳಕ್ಕಿಳಿದರು. ಒಟ್ಟಾವಾ ಕಪ್ಪನ್ನು ಉಳಿಸಿಕೊಂಡದ್ದು 1906ರವರೆಗೆ. ಅದೇ ವರ್ಷ, ಕೇವಲ 23ರ ವಯಸ್ಸಿನಲ್ಲಿ, ಮೆಕ್‌ಗೀ ಆಟ ಬಿಟ್ಟರು. ಮೊದಲ ಮಹಾಯುದ್ಧದಲ್ಲಿ ಸೇನೆ ಸೇರುವಾಗ ಅವರು ಕುರುಡುಗಣ್ಣನ್ನು ಒಂದು ಕೈಯಿಂದ ಮುಚ್ಚಿ ಅಕ್ಷರ ಓದಿದರಂತೆ. ಇನ್ನೊಂದು ಕಣ್ಣು ಮುಚ್ಚಿ ಎಂದಾಗ ಕೈಯನ್ನಷ್ಟೇ ಬದಲಿಸಿ ಅದೇ ಕಣ್ಣನ್ನು ಮುಚ್ಚಿದರಂತೆ. ಮನೆಯವರು ಹೇಳಿಕೊಂಡು ಬಂದ ಮಾತಿದು. 1916ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಕೂರ್ಸ್‌ಲೆಟ್ ಬಳಿ ಅವರು ಹತರಾದರು. ದೇಹ ಸಿಗಲಿಲ್ಲ, ಫ್ರಾನ್ಸಿನ ವಿಮಿಯಲ್ಲಿರುವ ಕೆನಡಾದ ಯುದ್ಧ ಸ್ಮಾರಕದ ಕಲ್ಲಿನಲ್ಲಿ ಹೆಸರಿದೆ.