ಮಷಿನ್‌ನಿಂದ ನೀರು ಹೊರಗೆ ಹೋಗುತ್ತಿಲ್ಲ, ಸ್ಪಿನ್ ಆಗುತ್ತಿಲ್ಲ. ಬೋರ್ಡ್ ಹೋಗಿದೆಯಾ?

ಪ್ರಶ್ನೆ

ನಮ್ಮದು ಫ್ರಂಟ್ ಲೋಡ್ ವಾಷಿಂಗ್ ಮಷಿನ್, ಏಳೆಂಟು ವರ್ಷ ಹಳೆಯದು. ಇಲ್ಲಿಯವರೆಗೆ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಗ ಬಟ್ಟೆ ಒಗೆಯುವ ತನಕ ಎಲ್ಲ ಸರಿ. ನೀರು ಹೊರಗೆ ಹಾಕುವ ಹೊತ್ತಿಗೆ ಕೆಳಗಿನಿಂದ ಗುಂಯ್ ಎಂದು ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ನೀರು ಡ್ರಮ್ಮಿನಲ್ಲೇ ಉಳಿಯುತ್ತದೆ. ಸ್ಪಿನ್ ಶುರುವಾಗುವುದೇ ಇಲ್ಲ, ಬಾಗಿಲೂ ತೆರೆಯುವುದಿಲ್ಲ. ನೋಡಲು ಬಂದವರು ಒಂದೆರಡು ಬಟನ್ ಒತ್ತಿ, "ಬೋರ್ಡ್ ಹೋಗಿದೆ, ಬದಲಿಸಬೇಕು, ಅದರ ಬದಲು ಹೊಸ ಮಷಿನ್ನೇ ತಗೊಳ್ಳಿ" ಎಂದು ಹೇಳಿ ಹೋದರು. ಬಟ್ಟೆ ಒಳಗೇ ನೆನೆಯುತ್ತಿದೆ. ಹೀಗೆ ಆದವರು ಯಾರಾದರೂ ಇದ್ದೀರಾ? ಮನೆಯಲ್ಲೇ ಏನಾದರೂ ನೋಡಬಹುದಾ?

ಮೊದಲ ಉತ್ತರ

ಬೋರ್ಡ್ (ಮಷಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಬದಲಿಸಲು ಈಗಲೇ ಒಪ್ಪಬೇಡಿ. ನೀವು ಬರೆದಿರುವ ಆ ಗುಂಯ್ ಸದ್ದು ಬರುವುದು ನೀರನ್ನು ಹೊರಗೆ ತಳ್ಳುವ ಡ್ರೈನ್ ಪಂಪಿನಿಂದ. ಪಂಪ್ ಗುಂಯ್ ಎನ್ನಬೇಕಾದರೆ ಅದಕ್ಕೆ ಕರೆಂಟ್ ಬರಬೇಕು. ಆ ಕರೆಂಟ್ ಬಿಡುವುದೇ ಬೋರ್ಡ್. ಅಂದರೆ ಬೋರ್ಡ್ ಹೇಳಬೇಕಾದ್ದನ್ನು ಹೇಳಿದೆ, ಪಂಪಿಗೆ ತಿರುಗಲು ಆಗುತ್ತಿಲ್ಲ, ಅಥವಾ ತಿರುಗಿದರೂ ನೀರಿಗೆ ದಾರಿ ಇಲ್ಲ.

ಸ್ಪಿನ್ ಆಗದಿರುವುದು, ಬಾಗಿಲು ತೆರೆಯದಿರುವುದು ಬೇರೆ ಬೇರೆ ತೊಂದರೆಗಳಲ್ಲ. ಒಳಗೆ ನೀರು ಇರುವಾಗ ಮಷಿನ್ ಬೇಕೆಂದೇ ಸ್ಪಿನ್ ಮಾಡುವುದಿಲ್ಲ, ಬಾಗಿಲನ್ನೂ ಬಿಡುವುದಿಲ್ಲ. ನೀರು ಹೋಯಿತೆಂದರೆ ಎರಡೂ ತಾವಾಗಿಯೇ ಸರಿ ಹೋಗುವ ಸಾಧ್ಯತೆ ಜಾಸ್ತಿ. ನಮ್ಮ ಮನೆಯ ಮಷಿನ್‌ಗೂ ಇದೇ ಆಗಿತ್ತು, ಒಂದೂ ಪಾರ್ಟ್ ಬದಲಿಸದೆ ಸರಿಯಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ನಲ್ಲಿ ಮುಚ್ಚಿ. ಬಿಸಿ ನೀರಿನಲ್ಲಿ ಒಗೆಯಲು ಹಾಕಿದ್ದರೆ ನೀರು ಆರುವವರೆಗೆ ಕಾಯಿರಿ. ಮಷಿನ್ನಿನ ಮುಂದೆ, ಕೆಳಗಿನ ಮೂಲೆಯಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ತಿರುಪು ಹಾಕಿದ ಫಿಲ್ಟರ್ ಕಾಣುತ್ತದೆ. ಪಕ್ಕದಲ್ಲಿ ಬೆರಳು ದಪ್ಪದ ರಬ್ಬರ್ ಪೈಪ್ ಇದ್ದರೆ ನಿಮ್ಮ ಅದೃಷ್ಟ. ಅದರ ಬಿರಡೆ ತೆಗೆದು ನೀರನ್ನು ನಿಧಾನಕ್ಕೆ ತಟ್ಟೆಗೆ ಬಿಡಬಹುದು. ಪೈಪ್ ಇಲ್ಲದಿದ್ದರೆ ಫಿಲ್ಟರನ್ನೇ ಸ್ವಲ್ಪ ಸಡಿಲಿಸಿ, ತಟ್ಟೆ ತುಂಬಿದ ಕೂಡಲೇ ಮತ್ತೆ ಬಿಗಿ ಮಾಡಿ, ಚೆಲ್ಲಿ, ಮತ್ತೆ ಸಡಿಲಿಸಿ. ಬೇಸರದ ಕೆಲಸ. ಆದರೆ ಒಳಗೆ 10–15 ಲೀಟರ್ ನೀರು ಇರಬಹುದು, ಒಂದೇ ಸಲ ಬಿಟ್ಟರೆ ಕೋಣೆಯೆಲ್ಲ ನೀರಾಗುತ್ತದೆ. ಹಳೇ ಟವೆಲ್‌ಗಳನ್ನು ಮೊದಲೇ ಹಾಸಿಕೊಳ್ಳಿ.

ನೀರು ಪೂರ್ತಿ ಬಂದ ಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಹೊರಗೆ ಎಳೆಯಿರಿ. ಕೂದಲು, ಬೂದು ಬಣ್ಣದ ಲೋಳೆ, ನಾಣ್ಯ, ಗುಂಡಿ ಏನಾದರೂ ಸಿಗುತ್ತದೆ. ಹೆಚ್ಚಿನವರು ಅದನ್ನು ತೊಳೆದು ಹಾಕಿ ಅಲ್ಲಿಗೇ ಬಿಡುತ್ತಾರೆ. ನೀವು ಬಿಡಬೇಡಿ. ಮೊಬೈಲ್ ಟಾರ್ಚ್ ಹಿಡಿದು ಆ ರಂಧ್ರದೊಳಗೆ ನೋಡಿ. ಆಳದಲ್ಲಿ ಫ್ಯಾನಿನ ರೆಕ್ಕೆಗಳಂತೆ ಕಾಣುವುದೇ ಪಂಪಿನ ಇಂಪೆಲ್ಲರ್. ನಮ್ಮ ಮಷಿನ್ನಿನ ಫಿಲ್ಟರ್ ಕ್ಲೀನಾಗಿಯೇ ಇತ್ತು. ಒಂದು ಹೇರ್‌ಪಿನ್ ಫಿಲ್ಟರಿನ ಸಂದಿಯಲ್ಲಿ ನೆಟ್ಟಗೆ ನುಸುಳಿಹೋಗಿ ರೆಕ್ಕೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಅದಕ್ಕೆ ಒಂದಿಷ್ಟು ನೂಲು ಸುತ್ತಿಕೊಂಡು ಕಪ್ಪಗಾಗಿತ್ತು, ಟಾರ್ಚ್ ಓರೆಯಾಗಿ ಹಿಡಿದಾಗ ಮಾತ್ರ ತುದಿ ಮಿನುಗಿತು. ಮೂತಿ ಉದ್ದವಿರುವ ಇಕ್ಕಳದಲ್ಲಿ ಎಳೆದ ಕೂಡಲೇ ರೆಕ್ಕೆ ಸಡಿಲವಾಯಿತು.

ರೆಕ್ಕೆಯನ್ನು ಮರದ ಕಡ್ಡಿಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದೆ ಹಂತ ಹಂತವಾಗಿ, ತಡೆದು ತಡೆದು ತಿರುಗಿದರೆ ಗಾಬರಿ ಬೇಡ, ಅದು ಸರಿಯಾಗಿದೆ. ಒಳಗೆ ಆಯಸ್ಕಾಂತ ಇರುವುದರಿಂದ ಹಾಗೆ ಆಗುತ್ತದೆ. ಏನೂ ತಡೆಯಿಲ್ಲದೆ ಸುಮ್ನೆ ಗಿರ್ರನೆ ತಿರುಗಿದರೆ ರೆಕ್ಕೆ ತನ್ನನ್ನು ತಿರುಗಿಸುವ ಪಂಪಿನ ಸರಳಿನಿಂದ ಬಿಟ್ಟುಹೋಗಿದೆ ಎಂದರ್ಥ. ಆಗ ಪಂಪ್ ಬದಲಿಸಲೇಬೇಕು. ಅಲುಗಾಡದೇ ಇದ್ದರೆ ಏನೋ ಸಿಕ್ಕಿಕೊಂಡಿದೆ, ಬಲವಂತ ಮಾಡದೆ ಹುಡುಕಿ.

ಫಿಲ್ಟರ್ ಮತ್ತೆ ಹಾಕುವಾಗ ತಿರುಪು ನೆಟ್ಟಗೆ ಕೂತಿದೆಯೇ ನೋಡಿ. ಓರೆಯಾಗಿ ಬಿಗಿದರೆ ಸೋರುತ್ತದೆ. ಆಮೇಲೆ ಎರಡು ಲೀಟರ್‌ನಷ್ಟು ನೀರನ್ನು ಡ್ರಮ್ಮಿಗೆ ಸುರಿದು, ಫಿಲ್ಟರ್ ಸುತ್ತ ಕೈ ಸವರಿ ಒದ್ದೆಯಿಲ್ಲವೆಂದು ಖಚಿತ ಮಾಡಿಕೊಂಡು, ಬರೀ ಡ್ರೈನ್ ಅಥವಾ ಸ್ಪಿನ್ ಹಾಕಿ.

ಮತ್ತೊಬ್ಬರು

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಪಂಪ್ ಚೆನ್ನಾಗಿದ್ದರೂ ನೀರು ಹೋಗದಿದ್ದರೆ ಡ್ರೈನ್ ಪೈಪನ್ನು ಗೋಡೆಯ ಕೊಳವೆಯಿಂದ ತೆಗೆದು ಬಕೆಟ್ಟಿಗೆ ಹಾಕಿ ನೋಡಿ. ಪೈಪನ್ನು ಸ್ವಲ್ಪ ಎತ್ತರದಲ್ಲೇ ಹಿಡಿದುಕೊಳ್ಳಿ. ಬಕೆಟ್ಟಿಗೆ ನೀರು ಜೋರಾಗಿ ಬಿದ್ದರೆ ಮಷಿನ್‌ಗೆ ಏನೂ ಆಗಿಲ್ಲ, ಕಟ್ಟಿಕೊಂಡಿರುವುದು ಗೋಡೆಯೊಳಗಿನ ಕೊಳವೆ. ನಮ್ಮದರಲ್ಲಿ ಹಾಗೇ ಆಗಿತ್ತು. ಅಡುಗೆಮನೆ ಸಿಂಕಿನ ಜಿಡ್ಡು ಅದೇ ಕೊಳವೆಗೆ ಹೋಗಿ ಗಟ್ಟಿಯಾಗಿತ್ತು.

ಮಷಿನ್ ಹಿಂದಕ್ಕೆ ತಳ್ಳುವಾಗ ಪೈಪ್ ಮಡಚಿಕೊಳ್ಳುವುದೂ ಉಂಟು. ಫ್ರಂಟ್ ಲೋಡ್ ಮಷಿನ್ನಿನ ಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂ.ಮೀ. ಎತ್ತರದಲ್ಲಿ ಇರಬೇಕು. ತೀರಾ ಕೆಳಗಿದ್ದರೆ ತುಂಬಿದ ನೀರೆಲ್ಲ ತಾನಾಗಿಯೇ ಹರಿದುಹೋಗುತ್ತದೆ, ಮಷಿನ್ ಮತ್ತೆ ಮತ್ತೆ ನೀರು ತುಂಬಿಕೊಳ್ಳುತ್ತಲೇ ಇರುತ್ತದೆ.

ಇನ್ನೊಬ್ಬರು

ನಮ್ಮ ಕಥೆ ಸ್ವಲ್ಪ ಬೇರೆ. ನೀರು ಪೂರ್ತಿ ಹೋಗುತ್ತಿತ್ತು, ಫಿಲ್ಟರ್ ಕ್ಲೀನ್, ಪಂಪ್ ಸರಿ. ಆದರೂ ಸ್ಪಿನ್ ಇಲ್ಲ, ಪಂಪ್ ಸುಮ್ಮನೆ ಓಡುತ್ತಲೇ ಇರುತ್ತಿತ್ತು. ಕೊನೆಗೆ ಸಿಕ್ಕಿದ್ದು ಪ್ರೆಶರ್ ಸ್ವಿಚ್ಚಿಗೆ ಹೋಗುವ ಪೆನ್ಸಿಲ್‌ಗಿಂತ ಸಣ್ಣ ಪೈಪಿನಲ್ಲಿ.

ಒಳಗೆ ನೀರು ಎಷ್ಟಿದೆ ಎಂದು ಮಷಿನ್‌ಗೆ ಗೊತ್ತಾಗುವುದು ಈ ಪೈಪಿನ ಗಾಳಿಯಿಂದ. ತಳದಲ್ಲಿ ಒಂದು ಚಿಕ್ಕ ಗಾಳಿ ಬುರುಡೆ ಇರುತ್ತದೆ. ನೀರು ಏರಿದಂತೆ ಅದರೊಳಗಿನ ಗಾಳಿ ಒತ್ತಿಕೊಂಡು ಪೈಪಿನ ಮೂಲಕ ಮೇಲಿನ ಸ್ವಿಚ್ಚನ್ನು ಮುಟ್ಟುತ್ತದೆ. ಅದರ ಬಾಯಿಗೆ ಸೋಪಿನ ಲೋಳೆ ಕಟ್ಟಿದರೆ ನೀರು ಖಾಲಿಯಾದರೂ ಒತ್ತಡ ಇಳಿಯುವುದಿಲ್ಲ. ಮಷಿನ್ ಪಾಪ, ಇನ್ನೂ ನೀರಿದೆ ಎಂದೇ ತಿಳಿದಿರುತ್ತದೆ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದು, ಆ ಪೈಪನ್ನು ಸ್ವಿಚ್ಚಿನಿಂದ ಬಿಡಿಸಿ, ತಳದ ಕಡೆಗೆ ಊದಿದೆವು. ಮೊದಲು ಗಟ್ಟಿ, ಆಮೇಲೆ ಗುಳುಗುಳು ಎಂದು ಬಿಟ್ಟಿತು. ಸ್ವಿಚ್ಚಿನ ಕಡೆಗೆ ಮಾತ್ರ ಜೋರಾಗಿ ಊದಬೇಡಿ, ಒಳಗಿನ ತೆಳು ಪೊರೆ ಹಾಳಾಗುತ್ತದೆ.

ಇದಕ್ಕೆಲ್ಲ ಮೂಲ ಜಾಸ್ತಿ ಸೋಪ್. ಪೌಡರ್ ಹೆಚ್ಚಾದರೆ ನೊರೆ ತುಂಬುತ್ತದೆ. ಪಂಪ್ ನೀರನ್ನು ತಳ್ಳಬಲ್ಲದು, ನೊರೆಯನ್ನು ತಳ್ಳಲಾರದು. ನೊರೆ ಡ್ರಮ್ಮನ್ನೂ ಹಿಡಿದುಕೊಳ್ಳುತ್ತದೆ, ಮಷಿನ್ ಸ್ಪಿನ್ ನಿಲ್ಲಿಸುತ್ತದೆ. ಫ್ರಂಟ್ ಲೋಡ್‌ಗೆಂದೇ ಬರುವ, ನೊರೆ ಕಡಿಮೆಯಿರುವ ಪೌಡರ್ ಹಾಕಿ. ಬಟ್ಟೆ ಅರ್ಧ ಇದ್ದರೆ ಪೌಡರೂ ಕಮ್ಮಿ ಸಾಕು.

ರಿಪೇರಿ ಕೆಲಸದಲ್ಲಿರುವವರೊಬ್ಬರು

ನಾನು ಈ ಕೆಲಸದಲ್ಲೇ ಇದ್ದೇನೆ. ಬೋರ್ಡ್ ಹಾಳಾಗುವುದಿಲ್ಲ ಎಂದು ಹೇಳುವುದಿಲ್ಲ, ಹಾಳಾಗುತ್ತದೆ. ಆದರೆ ಮೀಟರ್ ಇಡದೆ ಬೋರ್ಡ್ ಹೋಗಿದೆ ಎನ್ನುವವರ ಮಾತು ಕೇಳಬೇಡಿ. ಬಂದವರನ್ನು ಒಂದೇ ಪ್ರಶ್ನೆ ಕೇಳಿ: "ಡ್ರೈನ್ ಆಗುವ ಹೊತ್ತಿಗೆ ಪಂಪಿಗೆ ವೋಲ್ಟೇಜ್ ಬರುತ್ತಿದೆಯಾ?" ಬರುತ್ತಿದ್ದರೆ ತಪ್ಪು ಪಂಪಿನದು ಅಥವಾ ಕೊಳವೆಯದು. ಬರದಿದ್ದರೆ ಮಾತ್ರ ವೈರು, ಕನೆಕ್ಟರ್, ಕೊನೆಗೆ ಬೋರ್ಡ್. ಕನೆಕ್ಟರಿನ ಹಿತ್ತಾಳೆ ಹಲ್ಲುಗಳು ತೇವಕ್ಕೆ ಹಸಿರು ಹಿಡಿದು ಸಂಪರ್ಕ ಬಿಡುವುದು ಬಹಳ ಸಾಮಾನ್ಯ. ಅದನ್ನು ಉಜ್ಜಿ ಸರಿ ಮಾಡಬಹುದು.

ನಿಮ್ಮ ಹತ್ತಿರ ಮಲ್ಟಿಮೀಟರ್ ಇದ್ದರೆ ಪ್ಲಗ್ ಕಿತ್ತು, ಪಂಪಿನ ಎರಡು ವೈರ್ ಬಿಡಿಸಿ ಪಂಪಿನ ಓಮ್ (ಕರೆಂಟಿಗೆ ಇರುವ ತಡೆ) ನೋಡಿ. 230 ವೋಲ್ಟಿನ ಪಂಪುಗಳಲ್ಲಿ ಸಾಮಾನ್ಯವಾಗಿ 150–200 ಓಮ್ ಆಸುಪಾಸು ಬರುತ್ತದೆ. ಏನೂ ತೋರಿಸದಿದ್ದರೆ ಪಂಪಿನೊಳಗಿನ ತಂತಿ ಸುರುಳಿ ಕಡಿದಿದೆ. ವೋಲ್ಟೇಜ್ ನೋಡಬೇಕೆಂದರೆ ಮಷಿನ್ ಓಡುತ್ತಿರಬೇಕು, ಕೆಳಗೆ ನೀರು, ಮೇಲೆ ಕರೆಂಟ್. ಅದನ್ನು ಅಭ್ಯಾಸ ಇಲ್ಲದವರು ದಯವಿಟ್ಟು ಮಾಡಬೇಡಿ. ಇನ್ವರ್ಟರ್ ಮೋಟರಿನ ಮಷಿನ್ನಿನ ಬೋರ್ಡಿನಲ್ಲಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ) ಒಳಗೆ 300 ವೋಲ್ಟಿನಷ್ಟು ಡಿಸಿ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಬೋರ್ಡ್ ಇರುವ ಡಬ್ಬಿಯನ್ನು ಬಿಚ್ಚಲೇಬೇಡಿ.

ಪಂಪ್ ಸರಿ, ನೀರೂ ಹೋಗುತ್ತದೆ, ಆದರೆ ಡ್ರಮ್ ತಿರುಗುವುದೇ ಇಲ್ಲ ಎಂದರೆ ಹುಡುಕಬೇಕಾದ ಜಾಗ ಬೇರೆ. ಬೆಲ್ಟ್ ಇರುವ ಹಳೆಯ ಮಾದರಿಗಳಲ್ಲಿ ಬೆಲ್ಟ್ ಜಾರಿದೆಯೇ ನೋಡಿ. ಆಮೇಲೆ ಮೋಟರಿನ ಕಾರ್ಬನ್ ಬ್ರಷ್, ಅಂದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಚಿಕ್ಕ ತುಂಡು. ಅದು 1 ಸೆಂ.ಮೀ.ಗಿಂತ ಗಿಡ್ಡವಾಗಿದ್ದರೆ ಎರಡೂ ಬ್ರಷ್‌ಗಳನ್ನು ಜೊತೆಗೇ ಬದಲಿಸಿ. ಡ್ರಮ್ ಕೆಲವು ಸಲ ತಿರುಗಿ ಕೆಲವು ಸಲ ತಿರುಗದೇ ಇದ್ದರೆ ನನಗೆ ಮೊದಲು ಅನುಮಾನ ಬರುವುದು ಈ ಬ್ರಷ್ ಮೇಲೆ. ಮೋಟರ್ ನೇರವಾಗಿ ಡ್ರಮ್ಮಿಗೇ ಕೂಡಿರುವ ಡೈರೆಕ್ಟ್ ಡ್ರೈವ್ ಮಷಿನ್‌ಗಳಲ್ಲಿ ಬೆಲ್ಟೂ ಇಲ್ಲ, ಬ್ರಷ್ಷೂ ಇಲ್ಲ.

ಸ್ಪಿನ್ನಿಗೆ ಮೊದಲು ಡ್ರಮ್ ನಿಧಾನಕ್ಕೆ ತಿರುಗಿ ನಿಂತು, ಮತ್ತೆ ತಿರುಗಿ ನಿಂತು ಮಾಡುತ್ತಿದ್ದರೆ ಅದು ಕೆಟ್ಟಿಲ್ಲ. ಒಂದೇ ಒಂದು ದಪ್ಪ ಹೊದಿಕೆ ಹಾಕಿದ್ದೀರಿ, ತೂಕ ಒಂದೇ ಕಡೆ ಬಿದ್ದಿದೆ. ಜೊತೆಗೆ ಎರಡು ಟವೆಲ್ ಹಾಕಿ.

ಟಾಪ್ ಲೋಡ್ ಇರುವವರೊಬ್ಬರು

ಟಾಪ್ ಲೋಡ್ ಇರುವವರು ಇದನ್ನು ಓದಿ ಫಿಲ್ಟರ್ ಹುಡುಕುತ್ತಾ ಕೂರಬೇಡಿ. ಎಷ್ಟೋ ಟಾಪ್ ಲೋಡ್ ಮಷಿನ್‌ಗಳಲ್ಲಿ ಪಂಪೇ ಇರುವುದಿಲ್ಲ. ಒಂದು ಚಿಕ್ಕ ಮೋಟರ್ ವಾಲ್ವನ್ನು ಎಳೆಯುತ್ತದೆ, ನೀರು ತಾನಾಗಿಯೇ ಕೆಳಕ್ಕೆ ಹರಿಯುತ್ತದೆ. ಹಾಗಾಗಿ ಅಲ್ಲಿ ಪೈಪ್ ನೆಲದಲ್ಲೇ ಮಲಗಿರಬೇಕು. ಸ್ವಲ್ಪ ಎತ್ತರದ ಅಂಚಿನ ಮೇಲೆ ಹಾಯಿಸಿದರೂ ನೀರು ನಿಲ್ಲುತ್ತದೆ. ನಮ್ಮದರಲ್ಲಿ ವಾಲ್ವಿನ ರಬ್ಬರಿಗೆ ಮಗುವಿನ ಕಾಲುಚೀಲ ಸಿಕ್ಕಿಕೊಂಡಿತ್ತು.

ಎರಡು ತೊಟ್ಟಿಯ ಸೆಮಿ ಮಷಿನ್ನಿನಲ್ಲಿ ಸ್ಪಿನ್ ತೊಟ್ಟಿ ಬರೀ ಗುಂಯ್ ಎಂದು ತಿರುಗದಿದ್ದರೆ ಮೊದಲು ಬ್ರೇಕ್ ವೈರ್ ನೋಡಿ. ಅದು ಬಿಗಿಯಾಗಿಲ್ಲದಿದ್ದರೆ ಮುಚ್ಚಳ ಹಾಕಿದರೂ ಬ್ರೇಕ್ ಬಿಡುವುದಿಲ್ಲ. ಅದು ಸರಿ ಇದ್ದರೆ ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಉತ್ತರದಲ್ಲಿ ಬರೆದಂತೆಯೇ ಮಾಡಿದೆ. ನೀರು ತೆಗೆಯಲು ಬಹಳ ಹೊತ್ತು ಹಿಡಿಯಿತು, ವಾಸನೆಯೂ ಜೋರಿತ್ತು. ಫಿಲ್ಟರಿನಲ್ಲಿ ಸಿಕ್ಕಿದ್ದು ಕೂದಲು ಮಾತ್ರ. ಟಾರ್ಚ್ ಹಾಕಿದಾಗ ರೆಕ್ಕೆಯ ಹಿಂದೆ ಒಳ ಉಡುಪಿನ ತಂತಿ, ಅರ್ಧಚಂದ್ರದ ಹಾಗೆ ಬಾಗಿ ಕೂತಿತ್ತು. ತೆಗೆದ ಮೇಲೆ ರೆಕ್ಕೆ ನೀವು ಹೇಳಿದ ಹಾಗೇ ತಡೆದು ತಡೆದು ತಿರುಗಿತು. ನೀರು ಸರ್ರನೆ ಹೋಯಿತು, ಸ್ಪಿನ್ನೂ ಆಯಿತು. ಬೋರ್ಡ್ ಬೇಡವೆಂದು ಹೇಳಿಬಿಟ್ಟೆ.

ಇನ್ನೊಂದು ಕೇಳಬೇಕು. ಈಗ ಗಮನಿಸಿದರೆ ಜೋರಾಗಿ ಸ್ಪಿನ್ ಆಗುವಾಗ ಗರಗರ ಸದ್ದು ಬರುತ್ತಿದೆ. ಮೊದಲೂ ಇತ್ತೇನೋ, ಲಕ್ಷ್ಯ ಕೊಟ್ಟಿರಲಿಲ್ಲ. ಫಿಲ್ಟರಿನ ಹತ್ತಿರ ಒಂದೊಂದೇ ಹನಿ ಕೂಡ ಬೀಳುತ್ತಿದೆ. ಇವೂ ಪಂಪಿನಿಂದಲೇ ಆಗಿರಬಹುದಾ?

ರಿಪೇರಿ ಕೆಲಸದಲ್ಲಿರುವವರು

ಹನಿ ದೊಡ್ಡದಲ್ಲ. ಫಿಲ್ಟರಿನ ಸುತ್ತ ಇರುವ ರಬ್ಬರ್ ರಿಂಗಿನ ಮೇಲೆ ಒಂದು ಕೂದಲೆಳೆ ಕೂತಿದ್ದರೂ ಸಾಕು, ಸೋರುತ್ತದೆ. ರಿಂಗನ್ನೂ ಅದು ಕೂರುವ ಜಾಗವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬಿಗಿಯಿರಿ. ರಿಂಗ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ಗರಗರ ಸದ್ದು ಬೇರೆ ವಿಷಯ. ಪ್ಲಗ್ ಕಿತ್ತು, ಡ್ರಮ್ ಖಾಲಿ ಇರುವಾಗ ಕೈಯಲ್ಲಿ ತಿರುಗಿಸಿ ಕಿವಿಗೊಡಿ. ಮರಳು ಉಜ್ಜಿದಂತೆ ಕೇಳಿಸಿದರೆ ಡ್ರಮ್ ಸಲೀಸಾಗಿ ತಿರುಗಲು ಆಧಾರವಾದ ಬೇರಿಂಗ್ ಸವೆದಿದೆ. ಡ್ರಮ್ಮಿನ ಮೇಲಿನ ಅಂಚು ಹಿಡಿದು ಮೇಲಕ್ಕೆ ಎತ್ತಿ ನೋಡಿ. ಡ್ರಮ್ ಮತ್ತು ಹೊರಗಿನ ತೊಟ್ಟಿ ಎರಡೂ ಒಟ್ಟಿಗೆ ಏಳಬೇಕು. ಒಳಗಿನದು ಮಾತ್ರ ಲಟಕ್ ಎಂದು ಅಲುಗಿದರೆ ಸಂಶಯವೇ ಇಲ್ಲ. ಮೊದಲು ನೀರು ತಡೆಯುವ ರಬ್ಬರ್ ಸೀಲ್ ಹೋಗುತ್ತದೆ, ನೀರು ಬೇರಿಂಗಿಗೆ ಇಳಿಯುತ್ತದೆ, ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ. ಮಷಿನ್ ಹಿಂಭಾಗ ಬಿಚ್ಚಿದರೆ ತೊಟ್ಟಿಯ ನಡುವಿನಿಂದ ಕೆಂಪು ತುಕ್ಕಿನ ಗೆರೆ ಇಳಿದಿರುವುದು ಕಾಣಬಹುದು.

ಕೆಲಸ ಕೊಡುವ ಮೊದಲು ಒಂದು ವಿಚಾರಿಸಿ. ಕೆಲವು ಮಾದರಿಗಳ ಹೊರ ತೊಟ್ಟಿ ಬೋಲ್ಟಿನಲ್ಲಿ ಕೂಡಿಸಿರುತ್ತದೆ, ಬೇರಿಂಗ್ ಮತ್ತು ಸೀಲ್ ಮಾತ್ರ ಬದಲಿಸಬಹುದು. ಕೆಲವದರಲ್ಲಿ ಎರಡು ಹೋಳನ್ನು ಬೆಸೆದುಬಿಟ್ಟಿರುತ್ತಾರೆ. ಅಲ್ಲಿ ಪೂರ್ತಿ ತೊಟ್ಟಿಯನ್ನೇ ಹಾಕಬೇಕಾಗುತ್ತದೆ. ನಿಮ್ಮ ಮಷಿನ್ನಿನ ವಯಸ್ಸಿಗೆ ಮೊದಲನೆಯದಾದರೆ ಖಂಡಿತ ಮಾಡಿಸಿ, ಎರಡನೆಯದಾದರೆ ನಾನು ಮಾಡಿಸಿ ಎನ್ನುವುದಿಲ್ಲ. ಬೇರಿಂಗ್ ಹಾಕುವಾಗ ಸೀಲನ್ನೂ ಹೊಸದಾಗಿಯೇ ಹಾಕಿಸಿ. ಹಳೆಯದನ್ನೇ ಉಳಿಸಿದರೆ ಹೊಸ ಬೇರಿಂಗಿಗೂ ಅದೇ ಗತಿ. ಅಲ್ಲಿಯವರೆಗೆ ಬಟ್ಟೆ ಕಮ್ಮಿ ಹಾಕಿ, ಸ್ಪಿನ್ ವೇಗ ಕೆಳಗಿನ ಹಂತಕ್ಕೆ ಇಳಿಸಿಕೊಳ್ಳಿ. ಸದ್ದು ದಿನೇ ದಿನೇ ಏರಿದರೆ, ಅಥವಾ ಹಿಂದಿನಿಂದ ನೀರು ಬಂದರೆ, ಓಡಿಸುವುದನ್ನು ನಿಲ್ಲಿಸಿ.