ಕ್ಯಾಲಿಫೋರ್ನಿಯಾ ಇನ್ಶೂರೆನ್ಸ್ ಪರೀಕ್ಷೆ: ರಾಜ್ಯದ ಕಾನೂನು ಓದುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಸ್ಯಾನ್ ಹೋಸೆಯಲ್ಲಿದ್ದೇನೆ. ಮನೆ, ಕಾರು ವಿಮೆ ಮಾರುವ ಲೈಸೆನ್ಸ್‌ಗೆ ಓದುತ್ತಿದ್ದೇನೆ. ಪಾಲಿಸಿಯ ಭಾಗ ಪರವಾಗಿಲ್ಲ. ರಾಜ್ಯದ ಕಾನೂನಿಗೆ ಬಂದರೆ 15 ದಿನ, 30 ದಿನ, 40 ದಿನ ಎಲ್ಲಾ ಕಲಸಿಹೋಗುತ್ತದೆ. ಟೆಕ್ಸಾಸ್‌ನಲ್ಲಿ ಪಾಸಾದ ಗೆಳತಿಯ ನೋಟ್ಸ್ ಇದೆ. ಅದು ಸಾಕಾ?

ಉತ್ತರ: ಕಾನೂನಿನ ಭಾಗಕ್ಕೆ ಆ ನೋಟ್ಸ್ ಬೇಡವೇ ಬೇಡ. ಭಾರತದಲ್ಲಿ ಇಡೀ ದೇಶಕ್ಕೆ ವಿಮೆಯ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಒಂದೇ. ಅಮೆರಿಕದಲ್ಲಿ 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆ ವಿಮೆಯ ಉಸ್ತುವಾರಿಯನ್ನು ರಾಜ್ಯಗಳಿಗೇ ಬಿಟ್ಟಿದೆ. ಟೆಕ್ಸಾಸ್‌ನಲ್ಲಿ ವಿಮಾ ಇಲಾಖೆಯ ಮುಖ್ಯಸ್ಥರಾದ ಕಮಿಷನರನ್ನು ಗವರ್ನರ್ ನೇಮಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಜನರೇ ಆರಿಸುತ್ತಾರೆ. 1988ರಲ್ಲಿ ಜನಮತದಿಂದ ಬಂದ ಪ್ರೊಪೊಸಿಷನ್ 103 ಎಂಬ ಕಾನೂನಿನ ಫಲ ಅದು. ಏಜೆಂಟ್ ತನ್ನ ಕಮಿಷನ್‌ನಲ್ಲಿ ಗ್ರಾಹಕರಿಗೆ ಪಾಲು ಕೊಡುವ ರಿಬೇಟ್ ಬಹಳ ರಾಜ್ಯಗಳಲ್ಲಿ ತಪ್ಪು. ಇಲ್ಲಿ ಆ ನಿಷೇಧವನ್ನೂ ಇದೇ 103 ತೆಗೆದುಹಾಕಿತು. ಗೆಳತಿಯ ನೋಟ್ಸ್ ನಂಬಿದರೆ ಇಂಥ ಕಡೆಯೇ ಮಾರ್ಕ್ಸ್ ಹೋಗುವುದು.

ದಿನಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಕ್ಲೇಮ್‌ನ ಜೊತೆ ನಡೆಯಿರಿ. ಅಡುಗೆಮನೆಯ ಪೈಪ್ ಒಡೆದು ನೆಲವೆಲ್ಲ ನೀರು ಅಂದುಕೊಳ್ಳಿ. ಮನೆಯವರು ಕಂಪನಿಗೆ ತಿಳಿಸಿದರು. ಕ್ಲೇಮ್ ತಲುಪಿದೆ ಅಂತ ಕಂಪನಿ 15 ದಿನದೊಳಗೆ ಹೇಳಬೇಕು. ನಷ್ಟದ ದಾಖಲೆಗಳನ್ನು ಕೊಟ್ಟರು. ಅಲ್ಲಿಂದ 40 ದಿನದೊಳಗೆ ಒಪ್ಪಬೇಕು, ಇಲ್ಲವೇ ತಿರಸ್ಕರಿಸಬೇಕು. ಇನ್ನೂ ಸಮಯ ಬೇಕೆಂದರೆ ಕಾರಣ ಬರೆದು ತಿಳಿಸಬೇಕು. ಒಪ್ಪಿದ ಹಣ 30 ದಿನದೊಳಗೆ ಕೈಸೇರಬೇಕು. ಇವೆಲ್ಲ ಕ್ಯಾಲೆಂಡರ್ ದಿನಗಳು, ಶನಿವಾರ ಭಾನುವಾರವೂ ಸೇರಿ. ಒದ್ದೆ ಮನೆಯಲ್ಲಿ ಕಾಯುತ್ತಿರುವವರ ಕಡೆಯಿಂದ ನೋಡಿದರೆ ಯಾವ ಗಡುವು ಯಾಕೆ ಅಂತ ತಾನಾಗಿ ನೆನಪಿರುತ್ತದೆ.

ಪ್ರಶ್ನೆ: ಈಗ ಬಿಡಿಸಿ ಕಾಣಿಸುತ್ತಿದೆ ಮೇಡಂ! ಸೆಕೆಂಡ್ ಹ್ಯಾಂಡ್ ಪುಸ್ತಕ ಒಂದು ಸಿಕ್ಕಿದೆ. ಓದಬಹುದಾ?

ಉತ್ತರ: ಮೊದಲು ಕಾರಿನ ಕನಿಷ್ಠ ಲಯಬಿಲಿಟಿ (ಅಪಘಾತದಲ್ಲಿ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ) ಎಷ್ಟು ಅಂತಿದೆ ನೋಡಿ. 15/30/5 ಅಂತಿದ್ದರೆ ಆ ಪುಸ್ತಕ ಬಿಡಿ. 2025ರ ಜನವರಿ 1ರಿಂದ ಅದು 30/60/15. ಅಂದರೆ ಒಬ್ಬರ ಗಾಯಕ್ಕೆ 30 ಸಾವಿರ ಡಾಲರ್, ಒಂದು ಅಪಘಾತದ ಗಾಯಾಳುಗಳಿಗೆಲ್ಲ ಸೇರಿ 60 ಸಾವಿರ, ಆಸ್ತಿ ಹಾನಿಗೆ 15 ಸಾವಿರ. ಮನೆ ಪಾಲಿಸಿ ರಿನ್ಯೂ ಮಾಡುವುದಿಲ್ಲ ಅನ್ನುವ ನೋಟಿಸ್ 45 ದಿನ ಮೊದಲು ಅಂತಿದ್ದರೂ ಹಳತು. ಈಗ 75 ದಿನ. ಕಾಡ್ಗಿಚ್ಚಿನ ಭಯವಿರುವ ಕಡೆ ಇನ್ನೊಂದು ಕಂಪನಿ ಸಿಗುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಲ್ವಾ? ಆ ಹೆಚ್ಚಿನ ದಿನಗಳು ಅದಕ್ಕೇ.

ಪರೀಕ್ಷೆಯಲ್ಲಿ ಏನೇನು ಕೇಳುತ್ತಾರೆ ಅನ್ನುವ ವಿಷಯಪಟ್ಟಿ ರಾಜ್ಯದ ಇನ್ಶೂರೆನ್ಸ್ ಇಲಾಖೆಯ ವೆಬ್‌ಸೈಟ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಇವತ್ತೇ ಇಳಿಸಿಕೊಳ್ಳಿ.